ಮೀನುತೊಟ್ಟಿಯ ಪಂಪಿಗೆ ಮೊಸರಿನ ಅಹವಾಲು

ಆಲ್ಮೆರೆ, ಆಮ್‌ಸ್ಟರ್‌ಡ್ಯಾಮಿನ ಹತ್ತಿರ, ಜನವರಿ ೧೯೯೯

ನಮ್ಮ ಕಂಪ್ಯೂಟರಿನ ಕಾವು ಇಳಿಸಲೆಂದೇ ಅವತರಿಸಿರುವ ಪಂಪ್ ಮಹಾಶಯರ ಸನ್ನಿಧಿಗೆ, ಅದೇ ಮನೆಯಲ್ಲಿ ಕೋಟು ತೊಟ್ಟುಕೊಂಡೇ ಸಾರು ಕುದಿಸುವ ವಾಸಂತಿಯ ನಡುಗುವ ನಮಸ್ಕಾರಗಳು.

ಮಾನ್ಯರೇ,

ಮೀನು ಸಾಕುವವರ ಅಂಗಡಿಯಲ್ಲಿ ತಮ್ಮ ಪಾಡಿಗೆ ತಾವಿದ್ದಾಗ ನನ್ನ ಯಜಮಾನರಾದ ದಿವಾಕರ ಅವರು ತಮ್ಮನ್ನು ಕರೆತಂದು, ನಾನು ಬಟ್ಟೆ ನೆನೆಸುತ್ತಿದ್ದ ಬಕೆಟ್ಟನ್ನೇ ಬಿಡಾರವಾಗಿ ಕೊಟ್ಟು, ಕಂಪ್ಯೂಟರಿನ ಹೊಟ್ಟೆಯೊಳಗೆ ಕೊಳವೆ ತೂರಿಸಿ ನೀರು ಹರಿಸಿದಂದಿನಿಂದ ನಮ್ಮ ಮನೆಯ ಕೀರ್ತಿ ಹೇಳತೀರದು.

ತಾವು ಬರುವ ಮೊದಲು ಆ ಪೆಟ್ಟಿಗೆ ಸದಾ ಬೆಚ್ಚಗಿರುತ್ತಿತ್ತು. ಹೆಪ್ಪು ಹಾಕಿದ ಹಾಲಿನ ಪಾತ್ರೆಗೆ ಟವೆಲು ಸುತ್ತಿ ಅದರ ನೆತ್ತಿಯ ಮೇಲಿಟ್ಟರೆ ಈ ಚಳಿಯಲ್ಲೂ ಬೆಳಿಗ್ಗೆ ಗಟ್ಟಿ ಮೊಸರು. ಆ ಹೆಪ್ಪು ಮೈಸೂರಿನಲ್ಲಿ ನನ್ನ ಅಮ್ಮ ಕೊಟ್ಟದ್ದು, ನಮ್ಮತ್ತೆ ಭಾನುಮತಿಯವರು ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು. ಅದು ಕೆಟ್ಟರೆ ಇನ್ನೊಮ್ಮೆ ಕೊಡಲು ಅಮ್ಮ ಈಗಿಲ್ಲ.

ತಮ್ಮ ಸಾಮರ್ಥ್ಯದ ಪರೀಕ್ಷೆ ಶುರುವಾದ ಮೇಲೆ ಪೆಟ್ಟಿಗೆ ತಣ್ಣಗಾಯಿತು, ಜೊತೆಗೆ ಮನೆಯೂ. “ರೂಮ್ ಟೆಂಪರೇಚರ್ ಒಂದೇ ಸಮ ಇರ್ಬೇಕು ಕಣೆ, ಹೀಟರ್ ಮುಟ್ಬೇಡ” ಎಂದು ಅಪ್ಪಣೆ ಕೊಟ್ಟು, ಕಿಟಕಿಯನ್ನೂ ತೆರೆದಿಟ್ಟು, ಯಜಮಾನರು ಆಮ್‌ಸ್ಟರ್‌ಡ್ಯಾಮಿನ ಬೆಚ್ಚನೆಯ ಆಫೀಸಿಗೆ ರೈಲು ಹತ್ತುತ್ತಾರೆ. ಹೊರಗೆ ಕಾಲುವೆಯೇ ಗಟ್ಟಿಯಾಗಿದೆ; ಒಳಗೆ ಹಾಲು ಮಾತ್ರ ಹಾಲಾಗಿಯೇ ಉಳಿಯಿತು.

ಇನ್ನು ತಮ್ಮ ಅನುಮತಿಯಿಲ್ಲದೆ ನಡೆಸಿದ ಒಂದು ಅಧಿಕಪ್ರಸಂಗವನ್ನು ಮನ್ನಿಸಬೇಕು. ತಾವು ಹೊತ್ತು ತರುವ ಬಿಸಿಯೆಲ್ಲ ಬಕೆಟ್ಟಿನ ನೀರಿಗೆ ಸೇರುವುದನ್ನು ಕೈಯಿಟ್ಟು ತಿಳಿದ ನಾನು, ಹೋದ ವಾರ ಯಜಮಾನರು ಅತ್ತ ಹೋದೊಡನೆ ಫ್ರಿಜ್ಜಿನಿಂದ ತೆಗೆದ ಹಾಲಿಗೆ ಉಳಿದಿದ್ದ ಒಂದೇ ಚಮಚ ಹೆಪ್ಪು ಹಾಕಿ, ಪಾತ್ರೆಯನ್ನು ತಮ್ಮ ಪಕ್ಕದಲ್ಲೇ ನೀರಿಗಿಳಿಸಿದೆ. ಅವರು ಬರುವ ಮೊದಲು ಎತ್ತಿ ನೋಡಿದರೆ ಚಾಕುವಿನಿಂದ ಕತ್ತರಿಸುವಂಥ ಮೊಸರು. ಸಂತೋಷಕ್ಕೆ ಅತ್ತೇಬಿಟ್ಟೆ.

ಸಂಜೆ ಬಂದ ಯಜಮಾನರು ಕಂಪ್ಯೂಟರು ಹಗಲೆಲ್ಲ ಬರೆದಿಟ್ಟ ಅಂಕಿಗಳನ್ನು ಕಂಡು ಕುಣಿದಾಡಿದರು. ತಣ್ಣನೆಯ ಹಾಲು ನೀರಿನ ಬಿಸಿ ಹೀರಿಕೊಂಡು ಉಷ್ಣಾಂಶ ಇಳಿದಿತ್ತು. ಅದನ್ನವರು ಹಿಂದಿನ ದಿನ ಸ್ವಂತ ಕೈಯಿಂದ ಬಗ್ಗಿಸಿ ಕೂರಿಸಿದ ಹೊಸ ಕೊಳವೆಯ ಮಹಿಮೆಯೆಂದು ಇಂಟರ್ನೆಟ್ಟಿನಲ್ಲಿ ಜಗತ್ತಿಗೆಲ್ಲ ಸಾರಿದರು. ಅಂದಿನಿಂದ ನಾನು ನಿತ್ಯ ಪಾತ್ರೆ ಇಳಿಸುತ್ತಿದ್ದೇನೆ, ಅವರು ನಿತ್ಯ ಬೀಗುತ್ತಿದ್ದಾರೆ. ಬರುವ ಶನಿವಾರ ವಾಗೆನಿಂಗನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಕೇಶವ ಮತ್ತಿತರ ಗೆಳೆಯರ ಮುಂದೆ ಕಂಪ್ಯೂಟರನ್ನು ಇನ್ನೂ ಜೋರಾಗಿ ಓಡಿಸಿ ತೋರಿಸುವರಂತೆ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ಆ ಕಿಟಕಿಯನ್ನು ಸ್ವತಃ ಮುಚ್ಚಿ, ಬಿಡುವಾದಾಗ ನಮ್ಮ ಹಾಸಿಗೆಯ ಕೆಳಗೂ ಒಂದು ಸುತ್ತು ಬಿಸಿನೀರು ಹರಿಸಿ, ಕಂಪ್ಯೂಟರಿಗೆ ಸಲ್ಲುವ ಕಾಳಜಿಯಲ್ಲಿ ಅರ್ಧವನ್ನಾದರೂ ನನ್ನ ಪಾದಗಳಿಗೆ ಕರುಣಿಸಬೇಕು. ತಮಗೆ ಓದು ಬಾರದೆಂದು ಬಲ್ಲೆ. ಬಲ್ಲವರ ಕಣ್ಣಿಗೆ ಬೀಳಲೆಂದು ಇದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ.

ಬಕೆಟ್ಟನ್ನೂ ಬೆಚ್ಚನೆಯ ಮನೆಯನ್ನೂ ತಮಗೆ ಬಿಟ್ಟುಕೊಟ್ಟ,
ತಮ್ಮ ವಿಶ್ವಾಸಿ,
ವಾಸಂತಿ ದಿವಾಕರ

ತಾ.ಕ.: ಶನಿವಾರ ಹಾಲಿನ ಪಾತ್ರೆ ತಮ್ಮ ಪಕ್ಕದಲ್ಲಿರುವುದೋ ಇಲ್ಲವೋ ಎಂಬುದು ಶುಕ್ರವಾರ ಹೀಟರು ಉರಿಯುವುದೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಕಂಪ್ಯೂಟರು ಕಾದು ಕೈಕೊಟ್ಟರೆ ಅತಿಥಿಗಳು ನಿರಾಶರಾಗಬೇಕಿಲ್ಲ, ಮೊಸರನ್ನ ಸಿದ್ಧವಿರುತ್ತದೆ.