ಫಟಿಂಗನಿಗೆ ಒಂದು ಉದಾಹರಣೆ

ಭಾನುವಾರ ಸಂಜೆ ಕಾಕ್ಕನಾಡಿನ ಆರನೇ ಮಹಡಿಯ ಬಾಲ್ಕನಿಗೆ ಗಾಳಿ ಬೀಸತೊಡಗಿದರೆ ಬ್ಯಾಂಕಿನ ಕೃಷ್ಣಾನಂದನಿಗೆ ಹುಟ್ಟಿದ ಮೈಸೂರೂ ಮರೆತುಹೋಗುತ್ತಿತ್ತು, ಹೆಂಡತಿಗೆ ಕೊಟ್ಟ ಮಾತೂ ಮರೆತುಹೋಗುತ್ತಿತ್ತು. ಬೆತ್ತದ ಕುರ್ಚಿಯಲ್ಲಿ ಒರಗಿ, ಅರೆಗಣ್ಣಿನಲ್ಲಿ ಮೋಡಗಳನ್ನು ನೋಡುತ್ತ ಅವನು ಪರಮಸುಖಿಯಾಗಿದ್ದ. ಸೋಮವಾರ ರಜೆ. ಬೆಳಗ್ಗೆ ಸುಮಿತ್ರಳನ್ನು ತಿರುವನಂತಪುರಕ್ಕೆ ಕರೆದೊಯ್ಯಬೇಕು. (ಈ ಮಾತು ಕೊಟ್ಟು ಮೂರು ಓಣಂ ಕಳೆದಿತ್ತು.) ಈ ಸಲ ನಡುನೋವನ್ನು ಯಾವಾಗ ಶುರುಮಾಡುವುದೆಂದು ಅವನು ಹಿತವಾಗಿ ಯೋಚಿಸುತ್ತಿದ್ದ.

ಅಷ್ಟರಲ್ಲಿ ಪಕ್ಕದ ಮನೆಯ ರಾಮದಾಸರು ನೋಟುಪುಸ್ತಕ ಹಿಡಿದು ಬಂದರು. ಮಂಗಳೂರಿನ ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದ ಅವರಿಗೆ ಅಲ್ಲಿ ಕಲಿತ ಅರ್ಧ ಕನ್ನಡವನ್ನು ಪೂರ್ತಿ ಮಾಡುವ ಹಟ. ದಿನಕ್ಕೊಂದು ಪದ, ಅರ್ಥ, ಉದಾಹರಣೆ.

“ಸಾರೇ, ನಿನ್ನೆ ನೀವು ಫೋನಿನಲ್ಲಿ ಯಾರಿಗೋ ಫಟಿಂಗ ಅಂತ ಹೇಳಿದಿರಲ್ಲ, ಹಾಗೆಂದರೆ ಎಂಥದು?”

ಕೃಷ್ಣಾನಂದನೊಳಗಿನ ಮಹಾಪಂಡಿತ ಮೈಮುರಿದು ಎದ್ದ. “ಕಳ್ಳ ಅಲ್ಲ ಸಾರ್. ಕಳ್ಳನಿಗೆ ಹೆದರಿಕೆಯಾದ್ರೂ ಇರುತ್ತೆ. ಫಟಿಂಗ ನಗ್ತಾ ಮಾತು ಕೊಡ್ತಾನೆ, ನಗ್ತಾನೇ ಜಾರ್ಕೋತಾನೆ. ಮಾನ ಹೋಗಿದ್ದು ಊರಿಗೆಲ್ಲ ಗೊತ್ತು, ಅವನೊಬ್ಬನಿಗೇ ಗೊತ್ತಿರಲ್ಲ.” ತನ್ನ ಮಾತಿಗೆ ತಾನೇ ಮರುಳಾಗಿ ಅವನು ಮತ್ತೆ ಕಣ್ಣು ಮುಚ್ಚಿದ.

“ಉದಾಹರಣೆ?”

ಟೀ ತಂದಿಟ್ಟ ಸುಮಿತ್ರ ಹೇಳಿದಳು: “ಇವರನ್ನೇ ಬರ್ಕೊಳ್ಳಿ. ಮೂರು ವರ್ಷದಿಂದ ತಿರುವನಂತಪುರ ತೋರಿಸ್ತಾನೇ ಇದಾರೆ. ಇನ್ನೇನು, ನಡು ಹಿಡ್ಕೊಳ್ಳೋ ಹೊತ್ತಾಯ್ತು.”

ರಾಮದಾಸರು ಬರೆದಿದ್ದ ಉದ್ದನೆಯ ಅರ್ಥದ ಮೇಲೆ ಗೀಟೆಳೆದು, ‘ಆರನೇ ಮಹಡಿಯ ಕೃಷ್ಣಾನಂದ’ ಎಂದು ಬರೆದರು. “ಇದು ಸಲೀಸು ಸಾರೇ. ಯಾರಿಗೂ ಬೇಗ ಅರ್ಥ ಆಗ್ತದೆ.”

ಕೃಷ್ಣಾನಂದ ಧಡಕ್ಕನೆ ಎದ್ದ. (ನಡು ಗಟ್ಟಿಯಾಗಿಯೇ ಇತ್ತು.) “ಹೊಡೆದುಹಾಕಿ ಸಾರ್. ಬೆಳಗಿನ ರೈಲಿಗೇ ಹೊರಡ್ತೀವಿ.”

“ಹೊರಡ್ತೀವಿ ಅನ್ನೋದನ್ನ ಫಟಿಂಗನೂ ಹೇಳ್ತಾನೆ,” ಎಂದಳು ಸುಮಿತ್ರ. “ಹೋಗಿ ಬಂದ ಮೇಲೆ ಹೊಡೆದುಹಾಕಿ.”

“ಅದು ನ್ಯಾಯ,” ಎಂದು ರಾಮದಾಸರು ಪುಸ್ತಕ ಮಡಚಿದರು. “ನೀವು ಇರುವುದಿಲ್ಲ ಅಂತ ಒಂದೇ ಬೇಜಾರು ಸಾರೇ. ನಾಳೆ ಸಂಜೆ ಫ್ಲ್ಯಾಟಿನವರ ಸಭೆಯಲ್ಲಿ ನಾನು ಕಲಿತ ಕನ್ನಡವನ್ನೆಲ್ಲ ಓದಲಿಕ್ಕುಂಟು. ಮಲಯಾಳದ ಅರ್ಥ, ಉದಾಹರಣೆ ಸಮೇತ.”

ಉಳಿದು ಆ ಓದನ್ನು ತಡೆದರೆ ಹೆಂಡತಿಯ ಪಾಲಿಗೆ ಫಟಿಂಗ, ಹೋದರೆ ಇಡೀ ಕಟ್ಟಡದ ಪಾಲಿಗೆ. ಕೃಷ್ಣಾನಂದ ಮೆಲ್ಲಗೆ ನಡುವಿನ ಮೇಲೆ ಕೈಯಿಟ್ಟು ಸುಮಿತ್ರಳತ್ತ ನೋಡಿದ. ಅವಳು ಆಗಲೇ ಮೊಬೈಲಿನಲ್ಲಿ ಎರಡು ಟಿಕೆಟ್ ಮಾಡಿಸಿಯಾಗಿತ್ತು.