ಮುನಿಶಾಮಪ್ಪನವರ ಥ್ರಾಟಲ್ ಶುದ್ಧಿ

ಇಸವಿ ೨೦೨೪, ಮೇ ತಿಂಗಳ ೧೨ನೆಯ ತಾರೀಕು, ಭಾನುವಾರ. ವೈಶಾಖ ಶುದ್ಧ ಪಂಚಮಿ, ವಸಂತ ಋತು. ನಂದಿಬೆಟ್ಟದ ನೆತ್ತಿಯ ಮೇಲೆ ಮೋಡ ಕವಿದಿತ್ತೇ ವಿನಾ ಒಂದು ಹನಿಯೂ ಬಿದ್ದಿರಲಿಲ್ಲ. ಗಾಳಿ ಅಲುಗಾಡದೆ ಮುದ್ದೇನಹಳ್ಳಿಯ ಮನೆಮನೆಯೂ ಸೆಕೆಯಲ್ಲಿ ಬೇಯುತ್ತಿತ್ತು. ಅಂದು ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ಕುಂಕುಮವಿಟ್ಟು, ನಿವೃತ್ತ ಶಿರಸ್ತೇದಾರ್ ಮುನಿಶಾಮಪ್ಪನವರು ಅಂಗಳದ ನಡುವೆ ನಿಂತರು. ತಮ್ಮ ಹಳೆಯ ಪೆಟ್ರೋಲ್ ವ್ಯಾನಿನತ್ತ ಬೆರಳು ಚಾಚಿ ಘೋಷಿಸಿದರು:

"ಇವತ್ತು ಇದರ ಥ್ರಾಟಲ್ ಬಾಡಿ ನಾನೇ ಕ್ಲೀನ್ ಮಾಡ್ತೀನಿ. ಮುದ್ದೇನಹಳ್ಳಿ ನೀರು ಕುಡಿದೋನಿಗೆ ಇಂಜಿನ್ ಏನೇ ದೊಡ್ಡದು!"

"ಆ ನೀರು ನಾನೂ ಮದುವೆಯಾದಾಗಿಂದ ಕುಡೀತಿದೀನಿ. ನಂಗ್ಯಾಕೆ ಇಂಥ ಬುದ್ಧಿ ಬರ್ಲಿಲ್ಲ?" ಎಂದರು ಪತ್ನಿ ವೆಂಕಟರತ್ನಮ್ಮ, ರೇಷ್ಮೆ ಹುಳುಮನೆಯ ಬಾಗಿಲಿನಿಂದಲೇ.

ಆಕೆಯ ಮಾತು ಮೊನಚಾಗಲು ಕಾರಣವಿತ್ತು. ಹುಳುಮನೆ ಆಕೆಯದು. ಹಿಪ್ಪುನೇರಳೆ ಸೊಪ್ಪು ಹೊತ್ತು, ಹಗಲುರಾತ್ರಿ ಹುಳುಗಳಿಗೆ ಉಣಿಸಿ, ಹಾಲಿನಂತೆ ಬೆಳ್ಳಗಿನ ಗೂಡು ತೆಗೆದವರು ಆಕೆ. ಇಷ್ಟು ಒಳ್ಳೆಯ ಬೆಳೆ ಹಿಂದೆಂದೂ ಅವರ ಕೈಗೆ ಬಂದಿರಲಿಲ್ಲ. ಅದು ಮೇ ೧೦ರ ಶುಕ್ರವಾರ, ಅಕ್ಷಯ ತೃತೀಯದ ದಿನವೇ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಸೇರಬೇಕಿತ್ತು. ಆದರೆ ವ್ಯಾನು ಊರಾಚೆಯ ತಿರುವಿನಲ್ಲಿ ಮೂರು ಸಲ ಬಿಕ್ಕಳಿಸಿ, ನಿಂತು, ಮೂಟೆಗಳ ಸಮೇತ ಮನೆಗೆ ತಳ್ಳಿಸಿಕೊಂಡು ಬಂದಿತ್ತು. ಸೋಮವಾರದ ಹರಾಜೂ ತಪ್ಪಿದರೆ ಈ ಸೆಕೆಗೆ ಒಳಗಿನ ಹುಳುಗಳು ಚಿಟ್ಟೆಗಳಾಗಿ, ಗೂಡನ್ನು ತೂತು ಮಾಡಿಕೊಂಡು ಹೊರಬೀಳುವುದು ಖಂಡಿತ. ತೂತು ಬಿದ್ದ ಗೂಡಿನಿಂದ ನೂಲು ಎಳೆಯುವವರಿಲ್ಲ; ಕೊಳ್ಳುವವರೂ ಇಲ್ಲ.

"ಚಿಕ್ಕಬಳ್ಳಾಪುರದಿಂದ ಮೆಕ್ಯಾನಿಕ್‌ನ ಕರೆಸ್ರೀ. ನಿಮ್ಮ ಕಾಲಿಗೆ ಬೀಳ್ತೀನಿ."

"ವಿಡಿಯೋ ನೋಡಿದೀನಿ ಕಣೇ! ಇಂಜಿನ್‌ಗೆ ಗಾಳಿ ಹೋಗೋ ದಾರೀಲಿ ಒಂದು ಬಾಗ್ಲು. ಬಾಗಿಲಿಗೆ ಮಸಿ ಹಿಡಿದಿದೆ. ಒರೆಸಿದ್ರೆ ಮುಗೀತು. ತಾಲ್ಲೂಕಿನ ಕಡತಾನೆಲ್ಲ ಒರೆಸಿ ಇಟ್ಟೋನು ನಾನು!"

ವ್ಯಾನಿನ ಇಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಮುನಿಶಾಮಪ್ಪನವರು ಸೀಟನ್ನು ಎತ್ತಿ, ರಬ್ಬರ್ ಕೊಳವೆಯನ್ನು ಕಳಚಿದರು. ಒಳಗೆ ರೂಪಾಯಿಗಿಂತ ತುಸು ದೊಡ್ಡದಾದ ಹಿತ್ತಾಳೆ ಬಿಲ್ಲೆಯೊಂದು ಅಡ್ಡಕಡ್ಡಿಯ ಮೇಲೆ ತಿರುಗುವಂತೆ ಕೂತು ಮಸಿಯಲ್ಲಿ ಮುಳುಗಿತ್ತು. ಅದರ ಮೇಲೆ ಡಬ್ಬಿಯ ಕ್ಲೀನರನ್ನು ಗಂಗಾಜಲದಂತೆ ಪ್ರೋಕ್ಷಿಸಿದರು. ಒರೆಸುವುದು ಯಾವುದರಿಂದ? ಹತ್ತಿಬಟ್ಟೆ ಎಳೆ ಬಿಡುತ್ತದೆಂದು ವಿಡಿಯೋದಲ್ಲಿ ಎಚ್ಚರಿಸಿದ್ದರು. ಆಗ ಅವರ ದೃಷ್ಟಿ ಹುಳುಮನೆಯ ಮೂಲೆಗೆ ಹರಿಯಿತು. ಗೂಡು ಬಿಡಿಸುವಾಗ ಮೇಲಿನಿಂದ ಕಿತ್ತು ಹಾಕಿದ ಜಾಳು ರೇಷ್ಮೆಯ ರಾಶಿ ಅಲ್ಲಿತ್ತು. ಮೃದು, ಬೆಳ್ಳಗೆ, ಪುಕ್ಕಟೆ! ಒಂದು ಹಿಡಿ ತಂದು, ಹನಿ ನೀರಿನಲ್ಲಿ ನೆನೆಸಿ, ಬಿಲ್ಲೆಯನ್ನು ಮಗುವಿನ ಕಿವಿ ಒರೆಸುವಷ್ಟು ಮುತುವರ್ಜಿಯಿಂದ ಸುತ್ತಿ ಸುತ್ತಿ ಉಜ್ಜಿದರು. ಬಿಲ್ಲೆ ಫಳಫಳಿಸಿತು. ಮುನಿಶಾಮಪ್ಪನವರ ಮುಖ ಅದಕ್ಕಿಂತ ಹೆಚ್ಚು ಫಳಫಳಿಸಿತು.

ಎಲ್ಲವನ್ನೂ ಜೋಡಿಸಿ ಕೀಲಿ ತಿರುಗಿಸಿದರು. ಬಿಕ್ಕಳಿಕೆ ಮಾಯ! ಅದರ ಬದಲು ವ್ಯಾನು ಗಂಟಲು ಹರಿಯುವಂತೆ ಕಿರುಚತೊಡಗಿತು. ಪೆಡಲಿನ ಮೇಲೆ ಕಾಲಿಲ್ಲ. ಆದರೂ ಇಂಜಿನ್ ಹರಕೆ ಹೊತ್ತಂತೆ ಅಬ್ಬರಿಸುತ್ತಿದೆ.

"ಏನ್ರೀ ಇದು, ಹಿಂಗ್ ಬಡ್ಕೊಳ್ತಾ ಇದೆ?"

"ಗಾಬರಿಯಾಗ್ಬೇಡ. ಒಳಗೆ ಕಂಪ್ಯೂಟರ್ ಐತೆ. ಮಸಿ ಇದ್ದಾಗಿನ ಲೆಕ್ಕ ಅದಕ್ಕೆ ಗೊತ್ತು. ಸ್ವಚ್ಛವಾದ ಲೆಕ್ಕ ಹೊಸದಾಗಿ ಕಲೀಬೇಕು. ಓಡ್ತಾ ಓಡ್ತಾ ಕಲಿಯುತ್ತೆ."

"ಕಲಿಯೋ ಹೊತ್ತಿಗೆ ನನ್ನ ಗೂಡೆಲ್ಲ ರೆಕ್ಕೆ ಬಡ್ಕೊಂಡು ಹಾರೋಗಿರುತ್ತೆ!"

ಮರುದಿನ, ೧೩ನೆಯ ತಾರೀಕು ಸೋಮವಾರ, ಮೂಟೆಗಳನ್ನು ಹೇರಿ ಹೊರಟರು. ಹರಾಜು ಹತ್ತು ಗಂಟೆಗೆ. ವೆಂಕಟರತ್ನಮ್ಮ ಇಂಜಿನ್ನಿನ ನೆತ್ತಿಯ ಮೇಲಿನ ಸೀಟಿನಲ್ಲಿ, ಕೆಂಡದ ಮೇಲೆ ಕುಳಿತಂತೆ ಕುಳಿತರು. ಕ್ಲಚ್ಚು ಬಿಟ್ಟದ್ದೇ ತಡ, ವ್ಯಾನು ನೆಗೆಯಿತು. ಚಿಕ್ಕಬಳ್ಳಾಪುರದ ಒಂದೊಂದು ಹಂಪಿನ ಮೇಲೂ ಅದು ಹಾರಿ ಇಳಿಯಿತು. ಬ್ರೇಕು ಒತ್ತಿದರೆ ತಡೆದ ಗೂಳಿಯಂತೆ ನಡುಗಿತು.

"ಮೆಲ್ಲಗೆ ಹೋಗ್ರೀ!"

"ನಾನೆಲ್ಲಿ ಹೋಗ್ತಿದೀನಿ? ಅದೇ ಹೋಗ್ತೈತೆ!"

ಊರು ದಾಟಿದ ಮೇಲೆ ಮುನಿಶಾಮಪ್ಪನವರು ಬದಿಗೆ ನಿಲ್ಲಿಸಿ, ಸೀಟೆತ್ತಿ, ಬಿಲ್ಲೆ ಪೂರ್ತಿ ಮುಚ್ಚದಂತೆ ತಡೆಹಿಡಿಯುವ ಪುಟ್ಟ ಸ್ಕ್ರೂ ಒಂದನ್ನು ಹುಡುಕಿ ಸಡಿಲಿಸಿದರು. ಕಿರುಚಾಟ ಒಂದಿಷ್ಟೂ ಇಳಿಯಲಿಲ್ಲ. ಇನ್ನೊಂದು ಸುತ್ತು. ಇಳಿಯಲಿಲ್ಲ. ಛಲ ಬಿಡದೆ ಪೂರ್ತಿ ಸಡಿಲಿಸಿದರು. ವ್ಯಾನು ಅವರನ್ನು ಗಮನಿಸಲೇ ಇಲ್ಲ.

"ಈಗ ಕಲೀತಾ?" ಎಂದರು ಹೆಂಡತಿ.

"ಕಲೀತಾ ಇದೆ," ಎಂದರು ಗಂಡ, ಬೆವರೊರೆಸಿಕೊಳ್ಳುತ್ತ.

ಶಿಡ್ಲಘಟ್ಟ ಇನ್ನೇನು ಬಂತೆನ್ನುವಾಗ ಇಳಿಜಾರಿನ ಕೆಳಗೆ ರಸ್ತೆ ತುಂಬ ಕುರಿಗಳು! ಕುರಿ ಕಾಯುವವನು ಕೋಲು ಆಡಿಸುತ್ತಿದ್ದ. ಕುರಿಗಳು ಅವನ ಮುಖವನ್ನೂ ನೋಡುತ್ತಿರಲಿಲ್ಲ. ಮುನಿಶಾಮಪ್ಪನವರು ಬ್ರೇಕಿನ ಮೇಲೆ ನಿಂತೇಬಿಟ್ಟರು. ಇಂಜಿನ್ ಮುಂದಕ್ಕೆ ತಳ್ಳುತ್ತಿದೆ, ಬ್ರೇಕು ಹಿಂದಕ್ಕೆ ಎಳೆಯುತ್ತಿದೆ, ನಡುವೆ ಸುಟ್ಟ ವಾಸನೆ ಏಳುತ್ತಿದೆ.

"ದೇವುಡಾ! ಕೀಲಿ ತಿರುಗಿಸ್ರೀ! ಕೀಲಿ!"

ತಿರುಗಿಸಿದರು. ಅಬ್ಬರ ನಿಂತಿತು. ಕಡೆಯ ಕುರಿಯ ಬಾಲಕ್ಕೆ ಒಂದು ಗೇಣು ದೂರದಲ್ಲಿ ವ್ಯಾನೂ ನಿಂತಿತು. ಕುರಿ ತಿರುಗಿ ನೋಡಿ, ತಿರಸ್ಕಾರದಿಂದ ಮುಂದೆ ನಡೆಯಿತು.

ಹರಾಜಿಗೆ ಅರ್ಧ ಗಂಟೆಯೂ ಉಳಿದಿರಲಿಲ್ಲ. ಇನ್ನೊಮ್ಮೆ ಕೀಲಿ ಮುಟ್ಟಲು ಮುನಿಶಾಮಪ್ಪನವರಿಗೆ ಧೈರ್ಯ ಸಾಲಲಿಲ್ಲ. ಆಗ ವೆಂಕಟರತ್ನಮ್ಮ ಕೆಳಗಿಳಿದು, ಸೆರಗು ಸಿಕ್ಕಿಸಿ, ತಾವೇ ಸೀಟೆತ್ತಿದರು.

"ಆ ಪೈಪು ಬಿಚ್ಚಿ. ನೋಡೇಬಿಡ್ತೀನಿ, ನಿನ್ನೆ ಏನು ಘನಕಾರ್ಯ ಮಾಡಿದೀರ ಅಂತ."

ಕೊಳವೆ ಕಳಚಿತು. ಆಕೆ ಬಗ್ಗಿ, ಕಣ್ಣು ಕಿರಿದು ಮಾಡಿ, ಬೆರಳ ತುದಿಯಿಂದ ಬಿಲ್ಲೆಯ ಅಂಚನ್ನು ಸವರಿದರು. ಸವರಿದ ಬೆರಳು ಅಲ್ಲೇ ನಿಂತಿತು.

"ಏನ್ರೀ... ಇದು ನಮ್ಮ ಗೂಡಿನ ನೂಲಲ್ವಾ?"

ಮುನಿಶಾಮಪ್ಪನವರು ದೂರದ ಬೆಟ್ಟವನ್ನು ನೋಡಿದರು.

ಜಾಳು ರೇಷ್ಮೆಯ ಎಳೆಗಳು ಅಡ್ಡಕಡ್ಡಿಗೆ ಸುತ್ತಿಕೊಂಡು, ತಮ್ಮದೇ ಅಂಟಿನಿಂದ ಗಟ್ಟಿಯಾಗಿ ಒಣಗಿ, ಬಿಲ್ಲೆ ಮುಚ್ಚದಂತೆ ಹಿಡಿದುಬಿಟ್ಟಿದ್ದವು. ಅಷ್ಟು ಸಂದಿಯಿದ್ದರೆ ಸಾಕು. ಗಾಳಿ ನುಗ್ಗುತ್ತದೆ, ಇಂಜಿನ್ ಅಬ್ಬರಿಸುತ್ತದೆ. ಮುನಿಶಾಮಪ್ಪನವರು ಚಾಕು ತೆಗೆದರು.

"ಅದನ್ನ ಜೇಬಿಗೆ ಹಾಕಿ! ತುಂಡಾಗಿ ಒಳಗೆ ಬಿದ್ರೆ ಏನು ಗತಿ? ಆ ಟೀ ಅಂಗಡೀಲಿ ಒಂದು ಲೋಟ ಕುದಿಯೋ ನೀರು ತಗೊಂಡ್ ಬನ್ನಿ. ಟೀ ಅಲ್ಲ, ನೀರು!"

ಗೂಡಿನ ಅಂಟು ಬಿಸಿನೀರಿಗೆ ಸಡಿಲುತ್ತದೆ. ಶಿಡ್ಲಘಟ್ಟದ ಬೀದಿಬೀದಿಯಲ್ಲಿ ನೂಲು ತೆಗೆಯುವುದೇ ಹಾಗೆ. ವೆಂಕಟರತ್ನಮ್ಮ ಗಂಡನ ಹೆಗಲ ಟವಲಿನ ತುದಿಯನ್ನು ಬಿಸಿನೀರಿಗೆ ಅದ್ದಿ, ಹಿಂಡಿ, ಕಡ್ಡಿಯ ಮೇಲೆ ಒತ್ತಿ ಹಿಡಿದರು. ಆ ಹೊತ್ತಿಗೆ ಸ್ಕೂಟರೊಂದು ಪಕ್ಕದಲ್ಲಿ ನಿಂತಿತು. ಮಾರುಕಟ್ಟೆಗೆ ಹೊರಟಿದ್ದ ರೀಲರ್ ಮುಖ್ತಾರ್, ಗೂಡು ಕೊಂಡು ನೂಲು ತೆಗೆಸುವ ಹಳೆಯ ಪರಿಚಯದವರು.

"ಅರೆ, ರತ್ನಮ್ಮಕ್ಕ! ವ್ಯಾನ್‌ಗೆ ಜ್ವರಾನಾ? ಒದ್ದೆ ಪಟ್ಟಿ ಹಾಕ್ತಿದೀರಲ್ಲ!"

"ಜ್ವರ ಬಂದಿರೋದು ನಂಗೆ ಕಣಪ್ಪ. ಇರು, ತುದಿ ಸಿಕ್ತು."

ಆಕೆ ಉಸಿರು ಬಿಗಿಹಿಡಿದರು. ಮುನಿಶಾಮಪ್ಪನವರೂ ಹಿಡಿದರು. ಮುಖ್ತಾರ್ ಕೂಡ ಹಿಡಿದರು. ಹೆಬ್ಬೆರಳು ತೋರುಬೆರಳ ನಡುವೆ ತುದಿಯನ್ನು ಹಿಡಿದು ಆಕೆ ಎಳೆದರು. ಎಳೆ ಬಂತು... ಬಂತು... ಬಂತು... ಕಡಿಯದೆ, ಸುತ್ತು ಬಿಚ್ಚುತ್ತ, ಮಸಿ ಹತ್ತಿದ ನೂಲು ಪೂರ್ತಿ ಹೊರಬಂತು. ಬಿಲ್ಲೆ 'ಟಿಕ್' ಎಂದು ಮುಚ್ಚಿಕೊಂಡಿತು!

ಮುಖ್ತಾರ್ ಆ ನೂಲನ್ನು ತೆಗೆದುಕೊಂಡು, ಎರಡು ಕೈಗಳ ನಡುವೆ ಜಗ್ಗಿದರು. ಇನ್ನೊಮ್ಮೆ ಜಗ್ಗಿದರು. ಅವರ ಹುಬ್ಬು ಮೇಲೇರಿತು.

"ಬರೀ ಮೇಲಿನ ಜಾಳೇ ಇಂಜಿನ್‌ನ ಹಿಡ್ಕೊಂಡಿತ್ತು ಅಂದ್ರೆ ಒಳಗಿನ ನೂಲು ಹೆಂಗಿರಬೇಕು! ಈ ಗೂಡು ಇವತ್ತು ತಂದಿದೀರಾ ಅಕ್ಕ?"

"ಹಿಂದೆ ಮೂಟೇಲಿದೆ. ಇಗೋ, ಈ ನಿಮ್ಮಣ್ಣ ಕರ್ಕೊಂಡು ಹೋದ್ರೆ ಹರಾಜಿಗೆ ಬರುತ್ತೆ."

ಮುನಿಶಾಮಪ್ಪನವರು ಎದೆಯುಬ್ಬಿಸಿ, "ನೋಡ್ದಾ? ನಾನು ಮಾಡಿದ ಪರೀಕ್ಷೆ ಇದು! ಗುಣಮಟ್ಟದ ಪರೀಕ್ಷೆ!" ಎನ್ನುತ್ತ ಕೀಲಿ ತಿರುಗಿಸಿದರು. ವ್ಯಾನು ಮೆಲ್ಲಗೆ, ಸುಶಿಕ್ಷಿತವಾಗಿ, ಒಂದು ಸಲ ಉಸಿರಾಡಿತು. ನಂತರ ಸತ್ತಿತು.

ಮತ್ತೆ ತಿರುಗಿಸಿದರು. ಮತ್ತೆ ಸತ್ತಿತು. ದಾರಿಯಲ್ಲಿ ಅವರು ಛಲದಿಂದ ಪೂರ್ತಿ ಸಡಿಲಿಸಿದ್ದ ಸ್ಕ್ರೂ ಈಗ ಕೆಲಸಕ್ಕೆ ಬಂದಿತ್ತು: ಬಿಲ್ಲೆ ಎಷ್ಟು ಬಿಗಿಯಾಗಿ ಮುಚ್ಚಿತ್ತೆಂದರೆ ಇಂಜಿನ್ನಿಗೆ ಗಾಳಿಯೇ ಇಲ್ಲ. ಅದನ್ನು ಮೊದಲಿದ್ದಷ್ಟಕ್ಕೆ ಬಿಗಿಸೋಣವೆಂದರೆ, ಎಷ್ಟಿತ್ತೆಂಬುದು ಶಿರಸ್ತೇದಾರರ ಸ್ಮರಣೆಯಲ್ಲಿಲ್ಲ.

"ಪೆಡಲ್ ಒತ್ಕೊಂಡೇ ಇರಿ!" ಮುಖ್ತಾರ್ ಕೂಗಿದರು. "ಕಾಲು ತೆಗೀಬೇಡಿ ಮುನಿಶಾಮಣ್ಣ! ನಾನು ಮುಂದೆ ದಾರಿ ಬಿಡಿಸ್ತೀನಿ!"

ಸ್ಕೂಟರು ಹಾರ್ನು ಹೊಡೆಯುತ್ತ ಮುಂದೆ, ಪೆಡಲ್ ಬಿಡದ ವ್ಯಾನು ಹಿಂದೆ. ಮಾರುಕಟ್ಟೆಯ ಗೇಟಿನಲ್ಲಿ ಒಂದು ಕ್ಷಣ ಕಾಲು ಜಾರಿತು. ವ್ಯಾನು ಅಲ್ಲೇ ಪ್ರಾಣ ಬಿಟ್ಟಿತು. ರೀಲರುಗಳೇ ಸೇರಿ ಒಳಕ್ಕೆ ತಳ್ಳಿದರು. ಮೂಟೆಗಳು ಇಳಿದವು, ತೂಕವಾದವು, ಕಡೆಯ ಲಾಟಾಗಿ ಹರಡಿಕೊಂಡವು. ವೆಂಕಟರತ್ನಮ್ಮ ತಮ್ಮ ಗೂಡಿನ ಪಕ್ಕದಲ್ಲಿ ಹೋಗಿ ನಿಂತ ಮೇಲೆ ಹರಾಜು ಶುರುವಾಯಿತು.

ಮುನಿಶಾಮಪ್ಪನವರು ಮಾತ್ರ ಹರಾಜಿನ ಬಳಿ ಹೋಗಲಿಲ್ಲ. ಇನ್ನೊಮ್ಮೆ ಚಾಲೂ ಮಾಡಿದ್ದ ವ್ಯಾನು ಮತ್ತೆ ಸತ್ತರೆ ಮನೆಗೆ ಹೋಗುವುದೆಂತು? ಹರಾಜು ಮುಗಿಯುವವರೆಗೂ ಬಲಗಾಲನ್ನು ಪೆಡಲಿನ ಮೇಲಿಟ್ಟುಕೊಂಡು, ಆ ಸೆಕೆಯಲ್ಲಿ, ಏಕಪಾದ ತಪಸ್ವಿಯಂತೆ ಕುಳಿತಿದ್ದರು. ಹೋಗುವವರು ಬರುವವರು ಇಣುಕಿ ಕೇಳಿದರು: "ಏನಣ್ಣ, ಹೊರಡ್ತಾ ಇದೀರಾ?"

"ಇಲ್ಲ, ನಿಂತಿದೀನಿ," ಎಂದರು ಮುನಿಶಾಮಪ್ಪ.

ಅಂದಿನ ಹರಾಜಿನಲ್ಲಿ ಎಲ್ಲಕ್ಕಿಂತ ಮೇಲಿನ ಧಾರಣೆ ವೆಂಕಟರತ್ನಮ್ಮನವರ ಲಾಟಿಗೆ ಬಂತು, ಕೊಂಡವರು ಮುಖ್ತಾರ್. ಮೇ ೧೫, ಬುಧವಾರ, ಚಿಕ್ಕಬಳ್ಳಾಪುರದ ಮೆಕ್ಯಾನಿಕ್ ಒಬ್ಬರು ಸ್ಕ್ರೂವನ್ನು ಸರಿಯಾದ ಜಾಗಕ್ಕೆ ತಂದರು. ವ್ಯಾನು ಅಂದಿನಿಂದ ಸರಿಯಾಗಿದೆ. ಜೂನ್ ೩, ಸೋಮವಾರ, ವೆಂಕಟರತ್ನಮ್ಮ ಡ್ರೈವಿಂಗ್ ಶಾಲೆಗೆ ಸೇರಿದರು. ಜುಲೈ ೮, ಸೋಮವಾರ, ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ಪಾಸಾದರು. ಜುಲೈ ೧೯, ಶುಕ್ರವಾರ, ಮುಂದಿನ ಬೆಳೆಯನ್ನು ಅವರೇ ವ್ಯಾನು ಓಡಿಸಿಕೊಂಡು ಮಾರುಕಟ್ಟೆಗೆ ಕೊಂಡೊಯ್ದರು. ಮುನಿಶಾಮಪ್ಪನವರಿಗೆ ಈಗ ಆ ವ್ಯಾನನ್ನು ಭಾನುವಾರಗಳಂದು ತೊಳೆಯಲು ಅನುಮತಿ ಇದೆ, ಹೊರಗಡೆ ಮಾತ್ರ.