ಇನ್ನೊಂದು ಕೋಟು

ಕೆಲಸ ಮಾಡದೇ ಇರುವುದು ಬೇರೆ, ಕೆಲಸ ಮಾಡುತ್ತಲೇ ಅದು ಮುಗಿಯದಂತೆ ನೋಡಿಕೊಳ್ಳುವುದು ಬೇರೆ. ಮೊದಲನೆಯದು ಬರೀ ಸೋಮಾರಿತನ, ಯಾರಿಗೆ ಬೇಕಾದರೂ ಬರುತ್ತದೆ. ಎರಡನೆಯದಕ್ಕೆ ಅನುಭವ ಬೇಕು. ಒಂದು ಕಾಲೇಜಿನ ಕಚೇರಿಗೆ ಗುಮಾಸ್ತನಾಗಿ ಸೇರಿ, ಸೂಪರಿಂಟೆಂಡೆಂಟ್ ಆಗುವವರೆಗೂ ಅಲ್ಲೇ ಬೆಳೆದ ನನಗೆ ಆ ಅನುಭವಕ್ಕೇನೂ ಕೊರತೆಯಿಲ್ಲ. ಕಡತವನ್ನು ತಿರಸ್ಕರಿಸಿದರೆ ಜಗಳವಾಗುತ್ತದೆ, ಒಪ್ಪಿದರೆ ಜವಾಬ್ದಾರಿ ಬರುತ್ತದೆ. ಆದ್ದರಿಂದ ‘ಪರಿಶೀಲಿಸಿ ಮಂಡಿಸಿ’ ಎಂದು ಬರೆದು ಕೆಳಕ್ಕೆ ಕಳಿಸಿಬಿಡಬೇಕು. ಅದು ಪರಿಶೀಲನೆಯಾಗಿ ಮತ್ತೆ ಮೇಲಕ್ಕೆ ಬರುವಷ್ಟರಲ್ಲಿ ಕೇಳಿದವರಿಗೇ ಮರೆತುಹೋಗಿರುತ್ತದೆ. ಈ ವಿದ್ಯೆಯನ್ನು ನಾನು ಮನೆಯಲ್ಲಿ ಪ್ರಯೋಗಿಸಿದ್ದು ಒಂದೇ ಸಲ, ಅದೂ ಒಂದು ದೋಣಿಯ ಮೇಲೆ. ಆ ಕಥೆ ಹೇಳುವುದಕ್ಕೆ ಮುಂಚೆ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನನಗೆ ನೀರೆಂದರೆ ಭಯ.

ಇದರಲ್ಲಿ ನನ್ನ ತಪ್ಪು ಕಡಿಮೆ. ಚಾಮರಾಜಪೇಟೆಯಲ್ಲಿ ಹುಟ್ಟಿ ಬೆಳೆದವನಿಗೆ ನೀರು ಎಂದರೆ ದಿನ ಬಿಟ್ಟು ದಿನ ನಲ್ಲಿಯಲ್ಲಿ ಬರುವ ಪದಾರ್ಥ. ಅದನ್ನು ಹಿಡಿಯಬೇಕು, ಹಂಡೆಗೆ ತುಂಬಬೇಕು, ಮುಚ್ಚಿಡಬೇಕು. ಅದರೊಳಗೆ ಇಳಿಯಬೇಕು ಅಂತ ನಮಗೆ ಯಾರೂ ಹೇಳಿಕೊಡಲಿಲ್ಲ. ತೀರ್ಥಯಾತ್ರೆಗೆ ಹೋದಾಗಲೂ ನಾನು ನದಿಯ ಮೊದಲನೇ ಮೆಟ್ಟಿಲಲ್ಲಿ ಕೂತು ಚೊಂಬಿನಲ್ಲಿ ಪುಣ್ಯ ಸುರಿದುಕೊಂಡು ಬಂದವನು. ನನ್ನ ಹೆಂಡತಿ ವಸುಧಾ ಹಾಗಲ್ಲ. ಕಾವೇರಿ ದಂಡೆಯ ಊರಿನವಳು. ನಡಿಗೆ ಕಲಿತ ಸ್ವಲ್ಪ ದಿನಕ್ಕೇ ಈಜು ಕಲಿತಳಂತೆ, ಲಂಗ ಎತ್ತಿ ಕಟ್ಟಿಕೊಂಡು ಹರಿಗೋಲು ಹಾಕುತ್ತಿದ್ದಳಂತೆ. ಮದುವೆಯಾದ ಹೊಸದರಲ್ಲಿ ಊಟಿಗೆ ಹೋಗಿದ್ದೆವು. ಅವಳು ಬೋಟಿನ ಟಿಕೆಟ್ ತರಲು ಹೊರಟ ತಕ್ಷಣ ನನಗೆ ಹೊಟ್ಟೆನೋವು ಬಂತು. ಬಂತು ಅನ್ನುವುದಕ್ಕಿಂತ ಬರಿಸಿಕೊಂಡೆ ಅನ್ನುವುದೇ ಸರಿ. ಪಾಪ, ಅವಳು ಓಮದ ನೀರು ಹುಡುಕಿಕೊಂಡು ಊಟಿಯ ಪೇಟೆಯೆಲ್ಲ ಸುತ್ತಿದಳು.

ಈ ವರ್ಷ ಯುಗಾದಿ ಕಳೆದ ಮೇಲೆ ವಸುಧಾಗೆ ಐವತ್ತು ತುಂಬಿತು. ಏನು ಬೇಕು ಕೇಳು ಅಂದೆ. ರೇಷ್ಮೆ ಸೀರೆಗೆ ಸಿದ್ಧನಾಗಿಯೇ ಕೇಳಿದ್ದು. ಅವಳು, “ರಘು ತೋಟದಲ್ಲಿ ಹೊಂಡ ತೋಡಿಸಿದಾನಲ್ಲ, ಅಲ್ಲೊಂದು ಬೋಟಿದೆ. ಒಂದೇ ಒಂದ್ಸಲ ನನ್ನ ಜೊತೆ ಅದ್ರಲ್ಲಿ ಕೂತ್ಕೊಳಿ. ಸೀರೆ ಗೀರೆ ಏನೂ ಬೇಡ” ಅಂದಳು. ರಘು ಅವಳ ತಮ್ಮ. ಮಾಗಡಿ ಕಡೆ ಜಮೀನು ಮಾಡಿಕೊಂಡಿದ್ದಾನೆ. ಯಾವುದೋ ರೆಸಾರ್ಟಿನವರು ಹಳೆಯ ಸಾಮಾನು ಹೊರಗೆ ಹಾಕುವಾಗ ಇಬ್ಬರು ಕೂರುವಷ್ಟು ಪುಟ್ಟದೊಂದು ಫೈಬರ್ ಬೋಟು ಎತ್ತಿಕೊಂಡು ಬಂದು ಹೊಂಡದ ಪಕ್ಕ ಕವುಚಿ ಹಾಕಿದ್ದ. ಮುಂದಿನ ಭಾನುವಾರವೇ ಹೋದೆವು. ನಾನು ಬೋಟನ್ನು ಸುತ್ತಲೂ ನೋಡಿದೆ. ಬಿಸಿಲಿಗೆ ಬಣ್ಣ ಸುಣ್ಣದ ಹಾಗೆ ಉದುರುತ್ತಿತ್ತು, ಮೈಮೇಲೆ ಗೀರುಗಳು. ನನಗೆ ಹೋದ ಜೀವ ಬಂದಂತಾಯಿತು.

“ಇದನ್ನ ಹೀಗೇ ನೀರಿಗಿಳಿಸೋದು ಸರಿಯಲ್ಲ” ಅಂದೆ, ಕಚೇರಿಯ ಗಂಭೀರ ದನಿಯಲ್ಲಿ. “ಮೊದ್ಲು ಬಣ್ಣ ಆಗ್ಬೇಕು.”

“ಭಾವ, ಬೋಟು ಗಟ್ಟಿಯಾಗೇ ಇದೆ, ಒಂದು ಹನಿ ನೀರು ಒಳಗೆ ಬರಲ್ಲ” ಅಂದ ರಘು.

“ಅದಿರ್ಲಿ. ಪೇಂಟರ್‌ಗೆಲ್ಲ ಯಾಕೆ ಸುಮ್ನೆ ಖರ್ಚು? ಮನೆಗೆ ಕಳಿಸ್ಕೊಡು. ನಾನೇ ಮಾಡ್ತೀನಿ.”

ವಸುಧಾ ನನ್ನನ್ನು ವಿಚಿತ್ರವಾಗಿ ನೋಡಿದಳು. ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವುದೂ ಅವಳೇ. ಆದರೂ ಅವಳ ಮುಖ ಅರಳಿತು. ಗಂಡ ತನಗೋಸ್ಕರ ಕೈ ಕೊಳೆ ಮಾಡಿಕೊಳ್ಳುತ್ತಾನೆ ಅಂತ ಅವಳು ಅಂದುಕೊಂಡಳು. ನನಗೆ ಒಳಗೊಳಗೇ ಚುಚ್ಚಿತು, ಆದರೆ ಚುಚ್ಚುವುದು ಮುಳುಗುವುದಕ್ಕಿಂತ ವಾಸಿ.

ಹೀಗೆ ಬೋಟು ರಘುವಿನ ಪಿಕಪ್ ಹತ್ತಿ ನಮ್ಮ ಮನೆಯ ಮುಂದಿನ ಅಂಗಳಕ್ಕೆ ಬಂದು, ತುಳಸಿಕಟ್ಟೆಗೂ ಕಾಂಪೌಂಡಿಗೂ ನಡುವೆ ನಾಲ್ಕು ಇಟ್ಟಿಗೆಗಳ ಮೇಲೆ ಬೋರಲಾಗಿ ಮಲಗಿತು. ದಾರಿಯಲ್ಲಿ ಹೋಗುವವರೆಲ್ಲ ನಿಂತು, “ಏನ್ ಸಾರ್, ಈ ಸಲ ಮಳೆ ಜೋರಾ?” ಅಂತ ಕೇಳುತ್ತಿದ್ದರು. ಪ್ರತಿಯೊಬ್ಬರೂ ಈ ಹಾಸ್ಯ ತಮಗೇ ಮೊದಲು ಹೊಳೆದದ್ದು ಎಂಬಂತೆ ನಗುತ್ತಿದ್ದರು. ಪ್ರತಿಯೊಬ್ಬರಿಗೂ ನಾನು ಮೊದಲ ಸಲ ಕೇಳಿದವನಂತೆ ನಗುತ್ತಿದ್ದೆ.

ಜೆ.ಸಿ. ರಸ್ತೆಯ ಪೇಂಟ್ ಅಂಗಡಿಯ ಇಕ್ಬಾಲ್ ಭಾಯ್ ನನಗೆ ಗುರುವಾದರು. ಕಡಿಮೆ ಖರ್ಚಲ್ಲಿ ಆಗಬೇಕು ಅಂದಾಗ ಅವರು ಬೇಸರಪಡದೆ ಒಂದೊಂದೇ ಬೆರಳು ಮಡಿಸುತ್ತಾ ಹೇಳಿದರು. “ಮೊದ್ಲು ಸೋಪಿನ ನೀರಲ್ಲಿ ಉಜ್ಜಿ ಜಿಡ್ಡು ತೆಗೀರಿ. ಆಮೇಲೆ ವಾಟರ್ ಪೇಪರ್ ಅಂತ ಉಪ್ಪುಕಾಗದ ಬರತ್ತೆ, ಅದು ಹಾಕಿ ತಿಕ್ಕಿ. ಗೀರಿಗೆಲ್ಲ ಪುಟ್ಟಿ ತುಂಬಿ. ಆಮೇಲೆ ಪ್ರೈಮರ್, ಆಮೇಲೆ ಕಲರ್, ತೆಳ್ಳಗೆ ಎರಡು ಕೋಟು. ಒಂದು ವಿಷಯ ಮಾತ್ರ ಮರೀಬೇಡಿ ಸಾರ್, ದಪ್ಪ ಹೊಡೆದ್ರೆ ವಾರ ಆದ್ರೂ ಒಣಗಲ್ಲ.” ಈ ಕೊನೆಯ ಮಾತನ್ನು ಅವರು ಎಚ್ಚರಿಕೆಯಾಗಿ ಹೇಳಿದ್ದು. ನಾನು ಅದನ್ನು ಮುಂದೆಂದಾದರೂ ಉಪಯೋಗಕ್ಕೆ ಬರುತ್ತದೆ ಅಂತ ಮನಸ್ಸಿನಲ್ಲಿ ಎತ್ತಿಟ್ಟುಕೊಂಡೆ.

ಉಜ್ಜಲು ತೆಂಗಿನ ನಾರು, ಒರೆಸಲು ಅಮ್ಮನ ಹಳೆಯ ಸೀರೆಯ ತುಂಡು, ಸಂದಿಗೊಂದಿಗೆ ಸವೆದ ಟೂತ್‌ಬ್ರಷ್, ಪುಟ್ಟಿ ಸವರಲು ಅಡುಗೆಮನೆಯ ದೋಸೆ ಮೊಗಚುವ ಕೈ. ಮೊಗಚುವ ಕೈ ಕಾಣೆಯಾದ ದಿನ ಮನೆಯಲ್ಲಿ ಉಪ್ಪಿಟ್ಟಾಯಿತು. ವಾಟರ್ ಪೇಪರ್ ಅನ್ನು ನೀರಲ್ಲಿ ಅದ್ದಿ ತಿಕ್ಕಬೇಕು ಅಂತ ಅದರ ಹೆಸರಿನಲ್ಲೇ ಇದ್ದರೂ ನೀರಿನ ಮೇಲಿನ ಮುನಿಸಿಗೆ ಒಣಗಿದ್ದರಲ್ಲೇ ತಿಕ್ಕಿದೆ. ಫೈಬರಿನ ಪುಡಿ ಮೊಣಕೈವರೆಗೂ ಹತ್ತಿ, ಸೋಮವಾರ ಪ್ರಾಂಶುಪಾಲರ ಎದುರು ನಿಂತು ಎರಡೂ ಕೈ ಪರಪರ ಕೆರೆದುಕೊಂಡೆ. ಅವರು ತಮ್ಮ ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ಎರಡು ದಿನ ರಜೆ ತಗೊಳ್ಳಿ ಅಂದರು.

ನಾನು ನಿರೀಕ್ಷಿಸದ ಒಂದು ಸಂಗತಿಯೂ ಆಯಿತು. ಆ ಕೆಲಸ ನನಗೆ ಇಷ್ಟವಾಗತೊಡಗಿತು. ತಿಕ್ಕುತ್ತಾ ತಿಕ್ಕುತ್ತಾ ಒರಟು ಮೈ ನುಣ್ಣಗಾಗುವುದು, ಪುಟ್ಟಿ ತುಂಬಿದ ಗೀರು ಬೆರಳಿಗೆ ಸಿಗದಂತೆ ಮಾಯವಾಗುವುದು, ಇಂಥ ಖುಷಿ ನನಗೆ ಯಾವ ಕಡತವೂ ಕೊಟ್ಟಿರಲಿಲ್ಲ. ಭಾನುವಾರ ಬೆಳಿಗ್ಗೆ ಕಾಫಿ ಕುಡಿದವನೇ ಅಂಗಳಕ್ಕೆ ಓಡುತ್ತಿದ್ದೆ. ಪಕ್ಕದ ಮನೆಯ ಮೂರ್ತಿಗಳು ಕಾಂಪೌಂಡಿನ ಮೇಲೆ ಪೇಪರ್ ಹರಡಿಕೊಂಡು ನನಗೆ ಸುದ್ದಿ ಓದಿ ಹೇಳುತ್ತಿದ್ದರು. ಆದರೆ ಕೆಲಸ ಇಷ್ಟವಾದರೆ ಬೇಗ ಮುಗಿಯುವ ಅಪಾಯವಿತ್ತು. ಹಾಗಾಗಿ ಅಡ್ಡಿಗಳನ್ನೂ ಪ್ರೀತಿಯಿಂದ ಬರಮಾಡಿಕೊಳ್ಳುತ್ತಿದ್ದೆ. ಬೇಸಗೆಯಲ್ಲಿ ಅಮ್ಮ ಬೋಟಿನ ಬೆನ್ನ ಮೇಲೆ ಪಂಚೆ ಹಾಸಿ ಅರಳುಸಂಡಿಗೆ ಇಟ್ಟಳು. “ಇನ್ನೂ ಒಣಗಲಿ ಬಿಡಮ್ಮ, ಅವಸರ ಏನಿದೆ” ಅಂದೆ. ಜೀವಮಾನದಲ್ಲಿ ಸಂಡಿಗೆಯ ಬಗ್ಗೆ ನಾನು ತೋರಿಸಿದ ಮೊದಲ ಕಾಳಜಿ ಅದು. ಆಷಾಢ ಬಂತು. ಆಷಾಢದಲ್ಲಿ ಹೊಸ ಬಣ್ಣ ಮುಟ್ಟಬಾರದು ಅಂದೆ. ಶ್ರಾವಣದಲ್ಲಿ ಜಿಟಿಜಿಟಿ ಮಳೆ. ಹಬ್ಬಗಳ ನಡುವೆ ಹೇಗೋ ಪ್ರೈಮರ್ ಮುಗಿದು ನೀಲಿ ಬಣ್ಣದ ಎರಡು ಕೋಟು ಬಿತ್ತು. ಆಮೇಲೆ ಪಿತೃಪಕ್ಷ ಬಂದಾಗ, ಈ ಹದಿನೈದು ದಿನ ಬೋಟು ಹೊರಗೆ ತೆಗೆಯೋದು ಬೇಡ ಅಂದೆ. ಅಮ್ಮ ಹೂಬತ್ತಿ ಹೊಸೆಯುತ್ತಾ, “ನಿನಗೆ ಯಾವಾಗಿಂದ ಪಂಚಾಂಗದ ಮೇಲೆ ಇಷ್ಟು ಭಕ್ತಿ ಬಂತೋ? ಸಂಧ್ಯಾವಂದನೆ ಮಾಡೋ ಅಂದ್ರೆ ಹಲ್ಲು ಕಿರೀತಿದ್ದೆ” ಅಂದಳು.

ಒಂದು ಸಂಜೆ ಕಚೇರಿಯಿಂದ ಬಂದಾಗ ವಸುಧಾ ಬೋಟಿನ ಪಕ್ಕ ನಿಂತು ಅದರ ಮೈ ಸವರುತ್ತಿದ್ದಳು. ನಾನು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಏನೋ ಹಾಡು ಗುನುಗುತ್ತಿದ್ದಳು. ನನ್ನನ್ನು ನೋಡಿದ ಮೇಲೆ, “ಎಷ್ಟು ಚೆನ್ನಾಗಿ ಮಾಡಿದೀರ್ರೀ. ನಮ್ಮೂರ ಹೊಳೆ ಬೆಳಿಗ್ಗೆ ಹೊತ್ತು ಇದೇ ಬಣ್ಣ ಇರ್ತಿತ್ತು” ಅಂದಳು. ಆಗಲೇ ನಿಜ ಹೇಳಿಬಿಡಬಹುದಿತ್ತು. ಬದಲಿಗೆ, “ಇನ್ನೊಂದು ಕೋಟು ಬೇಕಾಗತ್ತೆ” ಅಂದೆ.

“ಇಕ್ಬಾಲ್ ಭಾಯ್ ಎರಡೇ ಅಂದಿದ್ರಲ್ಲ?”

“ಅದು ಸಾಮಾನ್ಯ ಬೋಟಿಗೆ.”

ಆಯುಧಪೂಜೆಯ ಹಿಂದಿನ ದಿನದ ಹೊತ್ತಿಗೆ ಬಣ್ಣ ನಾಲ್ಕು ಕೋಟಾಗಿತ್ತು. ಬೋಟನ್ನು ನೆಟ್ಟಗೆ ಮಾಡಿ ಇಟ್ಟಿದ್ದೆವು. ನೆಪಕ್ಕೆ ಹೇಳಲು ತಿಂಗಳುಗಳ ಹೆಸರೂ ಮುಗಿದಿತ್ತು. ಸಂಜೆ ವಸುಧಾ, “ನಾಳೆ ಹಬ್ಬದೂಟಕ್ಕೆ ರಘು ಪಿಕಪ್‌ನಲ್ಲೇ ಬರ್ತಾನಂತೆ. ಹಾಗೇ ಬೋಟು ಹಾಕ್ಕೊಂಡು ಹೋಗಿಬಿಡೋಣ” ಅಂದಳು. ಇಕ್ಬಾಲ್ ಭಾಯ್ ಅವರ ಕೊನೆಯ ಮಾತು ನೆನಪಿಗೆ ಬಂತು. ಅವಳು ಮಾರ್ಕೆಟ್ಟಿಗೆ ಬೂದುಗುಂಬಳಕಾಯಿ ತರಲು ಹೋದದ್ದೇ ತಡ, ಡಬ್ಬದಲ್ಲಿ ಉಳಿದ ಬಣ್ಣವನ್ನೆಲ್ಲ, ಒಂದು ತೊಟ್ಟು ಥಿನ್ನರ್ ಬೆರೆಸದೆ, ಬೋಟಿನ ಅಂಚಿಗೆ ಸುತ್ತಲೂ ಬೆಣ್ಣೆಯಂತೆ ಮೆತ್ತಿದೆ. ಒಂದು ವಾರಕ್ಕೆ ಮೋಸವಿಲ್ಲ ಅಂದುಕೊಂಡು ಕೈ ತೊಳೆದೆ. ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ಮರುದಿನ ಬೆಳಿಗ್ಗೆ ರಸ್ತೆಯುದ್ದಕ್ಕೂ ಸ್ಕೂಟರು ಕಾರುಗಳೆಲ್ಲ ಮಿಂದು ಹೂವು ಮುಡಿದು ನಿಂತಿದ್ದವು. ನಾನು ಸ್ನಾನ ಮಾಡಿ ಹೊರಬರುವಷ್ಟರಲ್ಲಿ ಅಮ್ಮ ಬೋಟಿಗೂ ಪೂಜೆ ಶುರು ಮಾಡಿದ್ದಳು. ಮೂಗಿಗೆ ಸೇವಂತಿಗೆ ಹಾರ, ಎರಡು ಪಕ್ಕಕ್ಕೂ ಬಾಳೆಕಂದು. ಮೂರು ಬೆರಳಿಂದ ಅಂಚಿಗೆ ಅರಿಶಿನ ಕುಂಕುಮ ಹಚ್ಚಿ, ಬೆರಳಿಗೆ ಹತ್ತಿದ ನೀಲಿಯನ್ನು ಆಶ್ಚರ್ಯದಿಂದ ನೋಡಿಕೊಳ್ಳುತ್ತಿದ್ದಳು.

“ಅಮ್ಮಾ, ಅದಕ್ಯಾಕಮ್ಮಾ ಪೂಜೆ?”

“ಅದೂ ಗಾಡೀನೇ ತಾನೇ? ಎಲ್ಲಕ್ಕೂ ಮಾಡಿ ಇದೊಂದನ್ನ ಬಿಟ್ರೆ ಬೇಜಾರು ಮಾಡ್ಕೊಳಲ್ವಾ?”

ಮೂರ್ತಿಗಳು ನಾಲ್ಕು ನಿಂಬೆಹಣ್ಣು ಹಿಡಿದು ಬೋಟನ್ನು ಪ್ರದಕ್ಷಿಣೆ ಬಂದರು. “ಚಕ್ರ ಇಲ್ವಲ್ಲ, ಎಲ್ಲಿ ಇಡೋದು?” ಅಂತ ಅವರಿಗೆ ಚಿಂತೆ. ಕೊನೆಗೆ ನಾಲ್ಕು ಇಟ್ಟಿಗೆಗಳ ಪಕ್ಕ ಒಂದೊಂದು ಇಟ್ಟರು. ಆರತಿ ಆಯಿತು, ಕುಂಬಳಕಾಯಿ ಒಡೆದದ್ದಾಯಿತು. ಆಗ ಅಮ್ಮ ಆ ಮಾತು ಹೇಳಿದಳು. “ಪೂಜೆ ಆದ ಗಾಡಿ ನಿಂತಲ್ಲೇ ನಿಲ್ಬಾರದು. ಒಂದು ರೌಂಡ್ ಹೋಗಿ ಬರ್ಲೇಬೇಕು.”

ಆಷಾಢ, ಪಿತೃಪಕ್ಷ ಎಂದು ಇಷ್ಟು ದಿನ ಶಾಸ್ತ್ರ ಹೇಳಿದವನು ಈಗ ಶಾಸ್ತ್ರಕ್ಕೆ ಎದುರಾಡುವುದು ಹೇಗೆ? ಆದರೂ ನನ್ನ ಕೊನೆಯ ಅಸ್ತ್ರ ತೆಗೆದೆ. “ಅಂಚು ಇನ್ನೂ ಹಸೀ ಇದೆ. ನೋಡಿ, ಅಮ್ಮನ ಬೆರಳೆಲ್ಲ ಹೇಗಾಗಿದೆ. ಒಂದು ವಾರ ಬಿಟ್ಟು ಹೋಗೋಣ.”

ವಸುಧಾ ಬಂದು ಅಂಚನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು, ಸ್ವಲ್ಪ ಹೊತ್ತು. “ಹಸಿ ಇರೋದು ಅಂಚು ಮಾತ್ರ ತಾನೇ? ಅಂಚು ಮುಟ್ಟದೆ ಕೂತ್ಕೊಂಡ್ರಾಯ್ತು” ಅಂದಳು.

ಊಟ ಮುಗಿದದ್ದೇ ರಘು, ಮೂರ್ತಿಗಳು, ನಾನು ಸೇರಿ ಬೋಟನ್ನು ತಳದಿಂದ ಎತ್ತಿ, ಹಾರದ ಸಮೇತ ಪಿಕಪ್ಪಿಗೇರಿಸಿದೆವು. ಅಮ್ಮ ಮುಂದಿನ ಸೀಟಿನಲ್ಲಿ. ನಾನು, ವಸುಧಾ, ಮೂರ್ತಿಗಳು ಹಿಂದೆ ಕಾರಿನಲ್ಲಿ. ಬೋಟಿನ ಬಾಳೆಕಂದುಗಳು ದಾರಿಯುದ್ದಕ್ಕೂ ತಲೆಯಾಡಿಸುತ್ತಾ ನನ್ನನ್ನು ಕರೆಯುತ್ತಿದ್ದವು.

ಹೊಂಡದ ದಂಡೆಯಲ್ಲಿ ರಘು ನನಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸಿದ. ಇನ್ನೊಂದಿದೆಯಾ ಅಂತ ಕೇಳಿದೆ. ಅಕ್ಕನಿಗೆ ಕೊಟ್ಟಿದೀನಲ್ಲ ಭಾವ ಅಂದ. ಅಲ್ಲ, ನನಗೇ ಇನ್ನೊಂದು ಅಂದೆ. ವಸುಧಾ ಅಷ್ಟರಲ್ಲಿ ಸೆರಗು ಸಿಕ್ಕಿಸಿ, ಜಾಕೆಟ್ ಬಿಗಿದು, ಹುಟ್ಟು ಹಿಡಿದು, ಅಂಚು ಮುಟ್ಟದೆ ಜಿಂಕೆಯಂತೆ ಒಳಗೆ ಹಾರಿದ್ದಳು. ರಘುವಿನ ಭುಜ ಹಿಡಿದು ನಾನೂ ಹತ್ತಿ ಕುಸಿದು ಕೂತೆ. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಬೋಟು ದಂಡೆ ಬಿಟ್ಟು ಒಮ್ಮೆ ಎಡಕ್ಕೆ ವಾಲಿತು. ಆಮೇಲೆ ನನ್ನ ಕೈಗಳು ಎಲ್ಲಿಗೆ ಹೋದವೋ ನನಗೆ ತಿಳಿಯದು.

ಕಣ್ಣು ಮುಚ್ಚಿಕೊಂಡಿದ್ದೆ. ಹುಟ್ಟು ನೀರಿಗೆ ಬೀಳುವ ಚಳಕ್ ಚಳಕ್ ಸದ್ದು ಮಾತ್ರ. ಸ್ವಲ್ಪ ಹೊತ್ತಾದ ಮೇಲೆ ವಸುಧಾ ಕೇಳಿದಳು, “ಊಟಿಯಲ್ಲಿ ಹೊಟ್ಟೆನೋವು ಬಂದಿತ್ತಲ್ಲ, ಈಗ ಹೇಗಿದೆ?”

ಕಣ್ಣು ಬಿಟ್ಟೆ. “ನಿಂಗೆ ಗೊತ್ತಿತ್ತಾ?”

“ಓಮದ ನೀರು ತರೋಕೆ ಹೋದವಳು ಬಂದು ನೋಡ್ತೀನಿ, ನೀವು ಎರಡು ಮೆಣಸಿನಕಾಯಿ ಬಜ್ಜಿ ತಿಂತಿದ್ರಿ.”

“ಮತ್ತೆ ಇಷ್ಟು ವರ್ಷ ಯಾಕೆ ಸುಮ್ನಿದ್ದೆ?”

“ನೀವೇ ಹೇಳ್ತೀರೇನೋ ಅಂತ ಕಾದೆ. ಇವತ್ತೂ ಹೇಳ್ಲಿಲ್ಲ. ಆದ್ರೆ ಹತ್ತಿ ಕೂತ್ರಲ್ಲ, ಸಾಕು.” ಅವಳು ನಗುತ್ತಿದ್ದಳು. ಐವತ್ತು ವರ್ಷದವಳ ನಗು ಅಲ್ಲ ಅದು. ಲಂಗ ಎತ್ತಿ ಕಟ್ಟಿಕೊಂಡು ಹರಿಗೋಲು ಹಾಕುತ್ತಿದ್ದ ಹುಡುಗಿಯನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಇಷ್ಟು ವರ್ಷ ಇವಳನ್ನು ದಂಡೆಯಲ್ಲೇ ಕೂರಿಸಿಬಿಟ್ಟೆನಲ್ಲ ಅನ್ನಿಸಿ ಸಂಕಟವಾಯಿತು, ಅದರ ಬೆನ್ನಿಗೇ ವಿಪರೀತ ಸಂತೋಷವೂ ಆಯಿತು. ಎರಡನೇ ಸುತ್ತಿಗೆ ನಾನೇ ಹೇಳಿದೆ. ದಂಡೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅಮ್ಮ, “ಮೂರು ಮಾಡ್ರೋ, ಎರಡಕ್ಕೆ ನಿಲ್ಲಿಸ್ಬಾರದು” ಅಂತ ಕೂಗಿದಳು. ಮೂರೂ ಆಯಿತು.

ಇಳಿಯುವಾಗ ಕೈಗಳನ್ನು ಅಂಚಿನಿಂದ ಬಿಡಿಸಿಕೊಳ್ಳಬೇಕಾಯಿತು. ಅಂಗೈಗಳೆರಡೂ ನೀಲಿ. ಬೋಟಿನ ಎರಡು ಅಂಚುಗಳಲ್ಲಿ ಅಮ್ಮನ ಅರಿಶಿನ ಕುಂಕುಮದ ಪಕ್ಕದಲ್ಲೇ ನನ್ನ ಹತ್ತು ಬೆರಳುಗಳು ಗೆರೆ ಗೆರೆಯಾಗಿ ಆಳಕ್ಕೆ ಮೂಡಿದ್ದವು. ಮೂರ್ತಿಗಳು ಬಗ್ಗಿ ನೋಡಿ, “ಡಿಸೈನ್ ಚೆನ್ನಾಗಿದೆ” ಅಂದರು. ನಾನು ಮೆಲ್ಲಗೆ, ಇದೊಂದು ಜಾಗಕ್ಕೆ ಇನ್ನೊಂದು ಕೋಟು ಹೊಡೆದರೆ ಅಂತ ಶುರು ಮಾಡಿದೆ. “ಬ್ರಷ್ ಮುಟ್ಟಿ ನೋಡೋಣ” ಅಂದಳು ವಸುಧಾ.

ಬಣ್ಣ ಆಮೇಲೆ ಒಣಗಿತು, ಇಕ್ಬಾಲ್ ಭಾಯ್ ಹೇಳಿದಂತೆ ವಾರದ ಮೇಲೆ. ಈಗ ತೋಟಕ್ಕೆ ಬಂದ ನೆಂಟರೆಲ್ಲ ಬೋಟು ನೋಡಿ, ಈ ಗುರುತು ಏನು ಅಂತ ಕೇಳುತ್ತಾರೆ. ನಮ್ಮ ಮನೆಯವರೇ ಪೇಂಟ್ ಮಾಡಿದ್ದು, ಅದು ಅವರ ಸಹಿ ಅನ್ನುತ್ತಾಳೆ ವಸುಧಾ. ಆರು ತಿಂಗಳು ಕಷ್ಟಪಟ್ಟು ಗೀರೊಂದೂ ಕಾಣದಂತೆ ಬಳಿದ ನೀಲಿಯನ್ನು ಯಾರೂ ನೋಡುವುದಿಲ್ಲ. ನಾವು ಈಗ ತಿಂಗಳಿಗೊಮ್ಮೆಯಾದರೂ ಹೋಗುತ್ತೇವೆ. ಪ್ರತಿ ಸಲವೂ ಬೋಟು ದಂಡೆ ಬಿಟ್ಟೊಡನೆ ನನ್ನ ಕೈಗಳು ಹುಡುಕಾಡದೆ ನೇರವಾಗಿ ಹೋಗಿ ಆ ಗುರುತುಗಳಲ್ಲೇ ಕೂರುತ್ತವೆ. ಅಳತೆ ಮಾತ್ರ ಹೇಳಿ ಮಾಡಿಸಿದ ಹಾಗಿದೆ.